ಸಂತೇಮರಹಳ್ಳಿ, 2004: ಒಂದು ಮತದ ಅಂತರದ ಹಿಂದೆ ಮತ್ತು ಮುಂದೆ

2004ರ ಮೇ 13ರಂದು ಕರ್ನಾಟಕ ವಿಧಾನಸಭೆಯ ಮತ ಎಣಿಕೆ ಮುಗಿದಾಗ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಮೀಸಲು ಕ್ಷೇತ್ರದ ಲೆಕ್ಕ ಹೀಗಿತ್ತು: ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ 40,752, ಜಾತ್ಯತೀತ ಜನತಾದಳದ ಎ.ಆರ್. ಕೃಷ್ಣಮೂರ್ತಿ 40,751. ಇಬ್ಬರೂ ಸೇರಿ ಪಡೆದ 81,503 ಮತಗಳಲ್ಲಿ ಅಂತರ ಒಂದೇ ಒಂದು. ಗೆಲುವಿಗೆ ಇದಕ್ಕಿಂತ ಚಿಕ್ಕ ಅಂತರ ಇರಲು ಸಾಧ್ಯವಿಲ್ಲವಾದ್ದರಿಂದ ಈ ದಾಖಲೆಯನ್ನು ಮುಂದೆ ಯಾರಾದರೂ ಸರಿಗಟ್ಟಬಹುದೇ ಹೊರತು ಮುರಿಯಲಾಗದು.

ಅಂದಿನಿಂದ ಪ್ರತಿ ಚುನಾವಣೆಯ ಹೊಸ್ತಿಲಲ್ಲಿ ಮತದಾನ ಜಾಗೃತಿಯ ಭಾಷಣಗಳಲ್ಲಿ, ಪತ್ರಿಕೆಗಳ ಚೌಕಟ್ಟಿನ ಬರಹಗಳಲ್ಲಿ ಸಂತೇಮರಹಳ್ಳಿಯ ಹೆಸರು ಬಂದೇ ಬರುತ್ತದೆ. ಜೊತೆಗೆ ಒಂದು ಕಥೆಯೂ ಬರುತ್ತದೆ: ಕೃಷ್ಣಮೂರ್ತಿಯವರ ಕಾರಿನ ಚಾಲಕನಿಗೆ ಅಂದು ಮತ ಹಾಕಲು ಬಿಡುವು ಸಿಗಲಿಲ್ಲ, ಸಿಕ್ಕಿದ್ದರೆ ಅವರು ಗೆಲ್ಲುತ್ತಿದ್ದರು. ಕಥೆ ಚೆನ್ನಾಗಿದೆ, ಆದರೆ ಅದು ಲೆಕ್ಕದಲ್ಲೇ ತಪ್ಪುತ್ತದೆ. ಅದಕ್ಕಿಂತ ಹೆಚ್ಚಾಗಿ, ಆ ಕ್ಷೇತ್ರಕ್ಕೂ ಆ ಇಬ್ಬರು ಅಭ್ಯರ್ಥಿಗಳಿಗೂ ಮುಂದಿನ ಎರಡು ದಶಕಗಳಲ್ಲಿ ಏನಾಯಿತು ಎಂಬ ಹೆಚ್ಚು ಸ್ವಾರಸ್ಯಕರ ಸಂಗತಿಯನ್ನು ಆ ಕಥೆ ಮುಚ್ಚಿಹಾಕಿದೆ. ಈ ಅಧ್ಯಯನ ಆ ಒಂದು ಮತವನ್ನು ಅದರ ನಿಜವಾದ ಅಳತೆಯಲ್ಲಿ ನೋಡಲು ಮಾಡಿದ ಪ್ರಯತ್ನ.

ಕ್ಷೇತ್ರ ಮತ್ತು ಕಣ

ಮೈಸೂರು ಜಿಲ್ಲೆಯನ್ನು ವಿಭಜಿಸಿ 1997ರಲ್ಲಿ ಚಾಮರಾಜನಗರ ಜಿಲ್ಲೆಯನ್ನು ರಚಿಸಲಾಯಿತು. ಸಂತೇಮರಹಳ್ಳಿ ಚಾಮರಾಜನಗರ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಅಲ್ಲಿಂದ ಮುಂದೆ ಯಳಂದೂರು, ಅದರಾಚೆ ಕೊಳ್ಳೇಗಾಲ, ಪಕ್ಕದಲ್ಲಿ ಬಿಳಿಗಿರಿರಂಗನ ಬೆಟ್ಟಗಳ ಸಾಲು. ಜಿಲ್ಲೆಯ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಗಳ ಪಾಲು ಸುಮಾರು ನಾಲ್ಕನೆಯ ಒಂದು ಭಾಗ. ಲಿಂಗಾಯತರು, ನಾಯಕರು, ಉಪ್ಪಾರರು, ಕುರುಬರು ಗಣನೀಯ ಸಂಖ್ಯೆಯಲ್ಲಿದ್ದಾರೆ, ಕಾಡಂಚಿನಲ್ಲಿ ಸೋಲಿಗರಿದ್ದಾರೆ.

ಮೀಸಲು ಕ್ಷೇತ್ರದ ಲೆಕ್ಕಾಚಾರ ಹೊರಗಿನವರು ಊಹಿಸುವುದಕ್ಕಿಂತ ಬೇರೆ. ಅಲ್ಲಿ ಪ್ರಮುಖ ಪಕ್ಷಗಳ ಅಭ್ಯರ್ಥಿಗಳೆಲ್ಲರೂ ಪರಿಶಿಷ್ಟ ಜಾತಿಯವರೇ ಆಗಿರುವುದರಿಂದ ಆ ಸಮುದಾಯದ ಮತಗಳು ಒಡೆದು ಹಂಚಿಹೋಗುತ್ತವೆ, ಉಳಿದ ಸಮುದಾಯಗಳ ಒಲವು ಯಾವ ಕಡೆಗೆ ವಾಲುತ್ತದೆ ಎಂಬುದೇ ಹಲವು ಸಲ ನಿರ್ಣಾಯಕವಾಗುತ್ತದೆ. ಹೀಗಾಗಿ ಇಂಥ ಕ್ಷೇತ್ರದಲ್ಲಿ ಅಭ್ಯರ್ಥಿಯ ಜಾತಿಗಿಂತ ಅವನ ಪಕ್ಷ ಯಾವುದು, ಆ ಪಕ್ಷಕ್ಕೆ ಆ ಸಲ ಯಾವ ಸಮುದಾಯದ ಬೆನ್ನಾಸರೆ ಇದೆ ಎಂಬುದು ಮುಖ್ಯವಾಗುತ್ತದೆ. ಮುಂದೆ ಇಬ್ಬರೂ ನಾಯಕರ ಹಾದಿಯನ್ನು ನೋಡುವಾಗ ಈ ಮಾತನ್ನು ನೆನಪಿಟ್ಟುಕೊಳ್ಳಬೇಕು.

ಕೃಷ್ಣಮೂರ್ತಿಯವರು ಹಿರಿಯ ರಾಜಕಾರಣಿ ಬಿ. ರಾಚಯ್ಯನವರ ಮಗ. ರಾಚಯ್ಯ ರಾಜ್ಯದಲ್ಲಿ ಸಚಿವರಾಗಿ, ಆಮೇಲೆ ಹಿಮಾಚಲ ಪ್ರದೇಶ ಹಾಗೂ ಕೇರಳದ ರಾಜ್ಯಪಾಲರಾಗಿ ಕೆಲಸ ಮಾಡಿದವರು. ಚಾಮರಾಜನಗರ ಸೀಮೆಯಲ್ಲಿ ಆ ಹೆಸರಿಗೆ ತನ್ನದೇ ತೂಕವಿತ್ತು. ಧ್ರುವನಾರಾಯಣರಿಗೆ ಅಂಥ ಮನೆತನದ ಬಲವಿರಲಿಲ್ಲ. ಅವರು ಕೃಷಿ ವಿಜ್ಞಾನ ಓದಿ, ವಿದ್ಯಾರ್ಥಿ ಸಂಘಟನೆಯ ಮೂಲಕ ರಾಜಕಾರಣಕ್ಕೆ ಬಂದವರು. ಪರಂಪರೆಯ ಹೆಸರಿಗೂ ಓಡಾಟದಿಂದ ಕಟ್ಟಿಕೊಂಡ ಹೆಸರಿಗೂ ನಡೆದ ಪೈಪೋಟಿ ಎಂದು ಇದನ್ನು ಕರೆಯುವ ಆಸೆಯಾಗುತ್ತದೆ; ಆದರೆ ತಕ್ಕಡಿ ಎರಡೂ ಕಡೆ ಸಮನಾಗಿ ನಿಂತಿರುವಾಗ ಅಂಥ ವಿವರಣೆಗಳಲ್ಲಿ ಯಾವುದನ್ನೂ ಆ ಫಲಿತಾಂಶ ಸಮರ್ಥಿಸುವುದಿಲ್ಲ, ಅಲ್ಲಗಳೆಯುವುದೂ ಇಲ್ಲ.

ಆ ವರ್ಷ ಎಸ್.ಎಂ. ಕೃಷ್ಣ ಸರ್ಕಾರ ವಿಧಾನಸಭೆಯನ್ನು ಅವಧಿಗೆ ಮೊದಲೇ ವಿಸರ್ಜಿಸಿ ಲೋಕಸಭೆಯ ಜೊತೆಗೇ ಚುನಾವಣೆಗೆ ಹೋಗಿತ್ತು. ದೇಶದುದ್ದಕ್ಕೂ ಮತಯಂತ್ರಗಳಲ್ಲೇ ನಡೆದ ಮೊದಲ ಸಾರ್ವತ್ರಿಕ ಚುನಾವಣೆ ಅದು. ಮತಗಟ್ಟೆಗೆ ಬಂದವರು ಲೋಕಸಭೆಗೊಂದು, ವಿಧಾನಸಭೆಗೊಂದು ಎಂದು ಎರಡು ಯಂತ್ರಗಳಲ್ಲಿ ಗುಂಡಿ ಒತ್ತಿದರು. 'ನೋಟಾ' ಇರಲಿಲ್ಲ, ಮತ ಖಾತ್ರಿಯ ಕಾಗದ ಕಾಣಿಸುವ ವಿವಿಪ್ಯಾಟ್ ಇರಲಿಲ್ಲ. ಎರಡೂ ಬಂದದ್ದು 2013ರಲ್ಲಿ.

ಎಣಿಕೆಯ ಮೇಜಿನಲ್ಲಿ ಒಂದು ಮತ

ಒಂದು ಮತದ ಅಂತರ ಬಂದಾಗ ಎಣಿಕೆ ಕೇಂದ್ರದಲ್ಲಿ ಯಾವುದನ್ನು ಪ್ರಶ್ನಿಸಬಹುದು, ಯಾವುದನ್ನು ಪ್ರಶ್ನಿಸಿ ಫಲವಿಲ್ಲ ಎಂಬುದು ಸಾಮಾನ್ಯ ಓದುಗರಿಗೆ ಅಷ್ಟಾಗಿ ತಿಳಿದಿರುವುದಿಲ್ಲ. ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಪ್ರತಿ ಮತಗಟ್ಟೆಯ ಕಂಟ್ರೋಲ್ ಯೂನಿಟ್, ಅಂದರೆ ಮತಯಂತ್ರದಲ್ಲಿ ಮತಗಳ ಲೆಕ್ಕ ಇಟ್ಟುಕೊಳ್ಳುವ ಭಾಗ, ಮೇಜಿಗೆ ಬರುತ್ತದೆ. ತಂತಿಬಲೆಯ ಆಚೆ ಕುಳಿತ ಎಣಿಕೆ ಏಜೆಂಟರಿಗೆ ಅದರ ಮೊಹರುಗಳನ್ನು, ಒಳಗಿನ ಹಸಿರು ಕಾಗದದ ಪಟ್ಟಿಯ ಕ್ರಮಸಂಖ್ಯೆಯನ್ನು ತೋರಿಸಲಾಗುತ್ತದೆ. ಆಮೇಲೆ ಫಲಿತಾಂಶದ ಗುಂಡಿ ಒತ್ತಿದರೆ ಪರದೆಯ ಮೇಲೆ ಮೊದಲು ಒಟ್ಟು ಮತ, ನಂತರ ಒಬ್ಬೊಬ್ಬ ಅಭ್ಯರ್ಥಿಯ ಮತ ಸಾಲಾಗಿ ಮೂಡುತ್ತವೆ. ಏಜೆಂಟರು ಅದನ್ನು ಬರೆದುಕೊಳ್ಳುತ್ತಾರೆ. ಅಧಿಕಾರಿ ಅದನ್ನು ಮತಗಟ್ಟೆಯಿಂದ ಬಂದ 17-ಸಿ ನಮೂನೆಯ ಲೆಕ್ಕದೊಂದಿಗೆ ತಾಳೆ ನೋಡುತ್ತಾರೆ. ಹಳೆಯ ಕಾಗದದ ಮತಪತ್ರದ ಕಾಲದಲ್ಲಿ ಮುದ್ರೆ ಗೆರೆಯ ಮೇಲೆ ಬಿದ್ದಿದೆಯೇ, ಮಡಿಸಿದಾಗ ಶಾಯಿ ಅಂಟಿಕೊಂಡಿದೆಯೇ, ಇದು ಸಿಂಧುವೋ ಅಸಿಂಧುವೋ ಎಂದು ಒಂದೊಂದು ಮತಕ್ಕೂ ವಾದ ನಡೆಯುತ್ತಿತ್ತು. ಅಂಥ ಕಾಲದಲ್ಲಿ ಒಂದು ಮತದ ಅಂತರ ಬಂದಿದ್ದರೆ ಮರು ಎಣಿಕೆಯಲ್ಲಿ ಅದು ಉಳಿಯುವ ಖಾತ್ರಿ ತೀರ ಕಡಿಮೆ. ಮತಯಂತ್ರದಲ್ಲಿ ಅಸಿಂಧು ಮತವೆಂಬುದೇ ಇಲ್ಲ. ಗುಂಡಿಯನ್ನು ಎಷ್ಟು ಸಲ ಒತ್ತಿದರೂ ಅದೇ ಅಂಕಿ ಬರುತ್ತದೆ. ಕೂಡುವಾಗ ತಪ್ಪಾಗಿದ್ದರೆ ಮಾತ್ರ ಮೊತ್ತ ಬದಲಾಗಬಹುದು.

ಹಾಗಾದರೆ ಮನುಷ್ಯರ ತೀರ್ಮಾನಕ್ಕೆ ಉಳಿಯುವುದು ಏನು? ಅಂಚೆ ಮತಗಳು. ಸೇನೆಯಲ್ಲಿರುವವರು, ಚುನಾವಣಾ ಕೆಲಸಕ್ಕೆ ನಿಯೋಜಿತರಾದ ನೌಕರರು ಹಾಕುವ ಈ ಮತ ಎರಡು ಲಕೋಟೆಗಳಲ್ಲಿ ಬರುತ್ತದೆ: ಹೊರಗಿನ ಲಕೋಟೆಯಲ್ಲಿ ಮತದಾರನ ಘೋಷಣಾ ಪತ್ರ, ಒಳಗಿನ ಲಕೋಟೆಯಲ್ಲಿ ಮತಪತ್ರ. ಘೋಷಣೆಗೆ ಸಹಿ ಇಲ್ಲದಿದ್ದರೆ, ದೃಢೀಕರಣ ಸರಿಯಾಗಿಲ್ಲದಿದ್ದರೆ ಒಳಗಿನ ಲಕೋಟೆಯನ್ನು ತೆರೆಯುವುದೇ ಇಲ್ಲ. ಮತ ಹಾಕಿಸುವುದು ಹೇಗೆಂದು ಊರಿಗೆಲ್ಲ ಹೇಳಿಕೊಡುವ ನೌಕರರ ಮತಗಳೇ ಇಂಥ ಸಣ್ಣ ಲೋಪಗಳಿಗೆ ತಿರಸ್ಕೃತವಾಗುವುದು ಪ್ರತಿ ಚುನಾವಣೆಯಲ್ಲೂ ಕಾಣುವ ವಿಪರ್ಯಾಸ. ಇದಲ್ಲದೆ 'ಟೆಂಡರ್ ಮತ' ಎಂಬ ಇನ್ನೊಂದು ಬಗೆ ಇದೆ. ಮತಗಟ್ಟೆಗೆ ಹೋದಾಗ ತನ್ನ ಹೆಸರಿನಲ್ಲಿ ಯಾರೋ ಆಗಲೇ ಮತ ಹಾಕಿಹೋಗಿರುವುದು ಗೊತ್ತಾದರೆ, ನಿಜವಾದ ಮತದಾರ ಯಂತ್ರದಲ್ಲಿ ಅಲ್ಲ, ಕಾಗದದಲ್ಲಿ ಮತ ಹಾಕಬಹುದು. ಆದರೆ ಅದನ್ನು ಲಕೋಟೆಯಲ್ಲಿ ಇಟ್ಟು ಮೊಹರು ಮಾಡುತ್ತಾರೆ, ಎಣಿಕೆಯ ದಿನ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದಕ್ಕೆ ಬೆಲೆ ಬರುವುದು ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿದಾಗ.

ಒಟ್ಟು ಮತಗಳನ್ನು ಪ್ರಕಟಿಸಿದ ಮೇಲೆ, ಗೆದ್ದವರ ಹೆಸರು ಘೋಷಿಸುವ ಮೊದಲು, ಸೋತ ಅಭ್ಯರ್ಥಿ ಅಥವಾ ಅವರ ಏಜೆಂಟ್ ಕಾರಣ ಬರೆದು ಮರು ಎಣಿಕೆ ಕೇಳಬಹುದು. ಅದನ್ನು ಪೂರ್ತಿ ಒಪ್ಪುವುದೋ, ಒಂದು ಭಾಗಕ್ಕೆ ಒಪ್ಪುವುದೋ, ತಳ್ಳಿಹಾಕುವುದೋ ಚುನಾವಣಾಧಿಕಾರಿಗೆ ಬಿಟ್ಟದ್ದು. ಯಾವುದೇ ಆದರೂ ಕಾರಣ ಬರೆದು ಆದೇಶ ಕೊಡಬೇಕು. ಘೋಷಣೆ ಆದ ಮೇಲೆ ಉಳಿಯುವುದು 45 ದಿನಗಳೊಳಗೆ ಹೈಕೋರ್ಟಿಗೆ ಚುನಾವಣಾ ಅರ್ಜಿ. ಅಲ್ಲಿ ಯಾವುದೋ ಮತವನ್ನು ತಪ್ಪಾಗಿ ಸ್ವೀಕರಿಸಲಾಗಿದೆ ಅಥವಾ ತಿರಸ್ಕರಿಸಲಾಗಿದೆ ಎಂದು ತೋರಿಸಿದರೆ ಸಾಲದು, ಅದರಿಂದ ಫಲಿತಾಂಶವೇ ಬದಲಾಗುತ್ತಿತ್ತು ಎಂದೂ ತೋರಿಸಬೇಕು. ಸಾಮಾನ್ಯ ಅಂತರದ ಚುನಾವಣೆಯಲ್ಲಿ ಈ ಎರಡನೆಯ ಷರತ್ತೇ ಅರ್ಜಿದಾರರನ್ನು ಸೋಲಿಸುತ್ತದೆ. ಅಂತರ ಒಂದೇ ಆಗಿರುವಾಗ ಆ ಷರತ್ತು ಬಹುತೇಕ ತಾನಾಗಿಯೇ ಪೂರೈಸಿದಂತೆ.

ಚಾಲಕನ ಮತದ ಲೆಕ್ಕ

ಈಗ ಆ ಪ್ರಸಿದ್ಧ ಕಥೆಗೆ ಬರೋಣ. ಚಾಲಕ ಮತಗಟ್ಟೆಗೆ ಹೋಗಿದ್ದರೆ ಎಂದುಕೊಳ್ಳೋಣ. ಅವರ ಹೆಸರು ಇದೇ ಕ್ಷೇತ್ರದ ಮತದಾರರ ಪಟ್ಟಿಯಲ್ಲಿತ್ತು, ಅವರು ತಮ್ಮ ಯಜಮಾನರಿಗೇ ಮತ ಹಾಕುತ್ತಿದ್ದರು ಎಂದೂ ಒಪ್ಪಿಕೊಳ್ಳೋಣ. ಆಗ ಕೃಷ್ಣಮೂರ್ತಿಯವರ ಮತ 40,752 ಆಗುತ್ತಿತ್ತು. ಧ್ರುವನಾರಾಯಣರದ್ದೂ 40,752. ಅಂದರೆ ಗೆಲುವಲ್ಲ, ಸಮಬಲ.

ಸಮಬಲವಾದಾಗ ಏನು ಮಾಡಬೇಕೆಂದು 1951ರ ಜನಪ್ರತಿನಿಧಿ ಕಾಯ್ದೆಯ 65ನೇ ಕಲಂ ಹೇಳುತ್ತದೆ: ಚುನಾವಣಾಧಿಕಾರಿ ಕೂಡಲೇ ಚೀಟಿ ಎತ್ತಿ ನಿರ್ಧರಿಸಬೇಕು, ಯಾರ ಹೆಸರು ಬರುತ್ತದೋ ಅವರಿಗೆ ಒಂದು ಮತ ಹೆಚ್ಚು ಬಂದಂತೆ ಭಾವಿಸಬೇಕು. ಮರುಮತದಾನವಿಲ್ಲ. ಹಾಗಾಗಿ ಆ ಚಾಲಕನ ಒಂದು ಮತ ಕೃಷ್ಣಮೂರ್ತಿಯವರಿಗೆ ತಂದುಕೊಡುತ್ತಿದ್ದದ್ದು ಗೆಲುವಿನ ಅರ್ಧ ಅವಕಾಶ ಮಾತ್ರ. ಚೀಟಿಯ ಹಂಗಿಲ್ಲದೆ ಗೆಲ್ಲಲು ಅವರಿಗೆ ಬೇಕಾಗಿದ್ದುದು ಇನ್ನೆರಡು ಮತ. ಇಲ್ಲವೇ ಎದುರಾಳಿಗೆ ಹಾಕಿದ ಒಬ್ಬನೇ ಒಬ್ಬ ಮತದಾರ ಮನಸ್ಸು ಬದಲಿಸಿ ಇವರ ಗುಂಡಿ ಒತ್ತಿದ್ದರೂ ಸಾಕಿತ್ತು. ಜಾಗೃತಿ ಭಾಷಣಗಳಲ್ಲಿ ಈ ಸರಳ ಲೆಕ್ಕ ಮಾಯವಾಗಿರುವುದು ಆಶ್ಚರ್ಯ.

ಇನ್ನೊಂದು ಮಾತು. ಅಂದು ಮತ ಹಾಕದೆ ಮನೆಯಲ್ಲೇ ಉಳಿದವರು, ಕೂಲಿಗೆ ಬೇರೆ ಊರಿಗೆ ಹೋಗಿದ್ದವರು, ಪಟ್ಟಿಯಲ್ಲಿ ಹೆಸರು ಸಿಗದೆ ವಾಪಸಾದವರು ಕ್ಷೇತ್ರದಲ್ಲಿ ಸಾವಿರಾರು ಜನ ಇದ್ದಿರಲೇಬೇಕು. ಅವರಲ್ಲಿ ಯಾರೊಬ್ಬರನ್ನು ಬೇಕಾದರೂ ಆ ಚಾಲಕನ ಜಾಗದಲ್ಲಿ ನಿಲ್ಲಿಸಬಹುದು. ಧ್ರುವನಾರಾಯಣರ ಕಡೆಯಲ್ಲೂ ಹಾಗೆ ತಪ್ಪಿಹೋದ ಮತಗಳಿದ್ದವು ಎಂಬುದನ್ನು ಈ ಕಥೆ ಮರೆಯುತ್ತದೆ. ಸೋಲಿನ ಹೊಣೆಯನ್ನು ಒಬ್ಬ ನೌಕರನ ತಲೆಗೆ ಕಟ್ಟುವುದರಲ್ಲಿ, ಅಥವಾ ಅವನಿಗೆ ಬಿಡುವು ಕೊಡದ ಯಜಮಾನನ ತಲೆಗೆ ಕಟ್ಟುವುದರಲ್ಲಿ, ನೀತಿಪಾಠದ ಅನುಕೂಲವಿದೆಯೇ ಹೊರತು ವಿಶ್ಲೇಷಣೆ ಇಲ್ಲ.

ಕಥೆಯ ಒಂದು ಅಂಶ ಮಾತ್ರ ಗಂಭೀರವಾಗಿ ಪರಿಗಣಿಸುವಂಥದ್ದು. ದುಡಿಯುವವರಿಗೆ ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕೆಂದು ಅದೇ ಕಾಯ್ದೆಯ 135-ಬಿ ಕಲಂ ವಿಧಿಸುತ್ತದೆ. 1996ರಲ್ಲಿ ಸೇರಿಸಿದ ಈ ನಿಯಮವನ್ನು ಉಲ್ಲಂಘಿಸಿದ ಮಾಲೀಕರಿಗೆ 500 ರೂಪಾಯಿವರೆಗೆ ದಂಡ. ವ್ಯಾಪಾರ, ಉದ್ದಿಮೆ, ಸಂಸ್ಥೆಗಳಲ್ಲಿ ದುಡಿಯುವವರನ್ನು ಮುಂದಿಟ್ಟುಕೊಂಡು ಬರೆದ ಈ ಕಲಂ ಚುನಾವಣೆಯ ದಿನ ಅಭ್ಯರ್ಥಿಗಳ ಸುತ್ತಲೇ ದುಡಿಯುವ ಚಾಲಕರು, ಅಡುಗೆಯವರು, ಶಾಮಿಯಾನ ಹಾಕುವವರ ತನಕ ನಡೆಯಲ್ಲಿ ತಲುಪುವುದು ಅಪರೂಪ. ಎಲ್ಲರನ್ನೂ ಮತಗಟ್ಟೆಗೆ ಕರೆತರಲು ಓಡಾಡುವವರೇ ಮತ ಹಾಕದೆ ಉಳಿಯುವ ಸಂಭವ ಹೆಚ್ಚು.

ಸರ್ಕಾರಕ್ಕೆ ಆ ಮತ ಏನು ಮಾಡಿತು

ಒಂದು ಮತ ಸರ್ಕಾರವನ್ನೇ ಬದಲಿಸಬಹುದು ಎನ್ನುವ ಮಾತಿಗೂ ಸಂತೇಮರಹಳ್ಳಿಯನ್ನೇ ಸಾಕ್ಷಿ ತರುವುದುಂಟು. ಇಲ್ಲಿ ಅದು ಸಲ್ಲದು. 224 ಸ್ಥಾನಗಳ ಸದನದಲ್ಲಿ ಆ ಸಲ ಬಿಜೆಪಿಗೆ 79, ಕಾಂಗ್ರೆಸ್ಸಿಗೆ 65, ಜೆಡಿಎಸ್‌ಗೆ 58 ಸ್ಥಾನ ಬಂದವು. ಯಾರಿಗೂ ಬಹುಮತವಿಲ್ಲದೆ ಕೊನೆಗೆ ಕಾಂಗ್ರೆಸ್ ಮತ್ತು ಜೆಡಿಎಸ್ ಸೇರಿ ಮೇ 28ರಂದು ಧರ್ಮಸಿಂಗ್ ನೇತೃತ್ವದ ಸರ್ಕಾರ ರಚಿಸಿದವು. ಅಂದರೆ ಸಂತೇಮರಹಳ್ಳಿಯಲ್ಲಿ ಒಂದು ಮತಕ್ಕಾಗಿ ಕಚ್ಚಾಡಿದ ಎರಡು ಪಕ್ಷಗಳು ಎಣಿಕೆ ಮುಗಿದು ಹದಿನೈದು ದಿನಗಳಲ್ಲಿ ಬೆಂಗಳೂರಿನಲ್ಲಿ ಒಂದೇ ಸಚಿವ ಸಂಪುಟದಲ್ಲಿದ್ದವು. ಸ್ಥಾನ ಆ ಕಡೆ ಹೋಗಿದ್ದರೆ 64 ಮತ್ತು 59 ಆಗುತ್ತಿತ್ತು. ಕೂಡಿದರೆ ಆಗಲೂ 123.

2006ರ ಫೆಬ್ರುವರಿಯಲ್ಲಿ ಎಚ್.ಡಿ. ಕುಮಾರಸ್ವಾಮಿ ಬಿಜೆಪಿ ಜೊತೆ ಸೇರಿ ಮುಖ್ಯಮಂತ್ರಿಯಾದಾಗ ಮಾತ್ರ ಆ ಸ್ಥಾನ ಯಾವ ಕಡೆಗಿತ್ತು ಎಂಬುದು ವಾಸ್ತವವಾಗಿ ವ್ಯತ್ಯಾಸ ಮಾಡಿತು: ಧ್ರುವನಾರಾಯಣ ವಿರೋಧ ಪಕ್ಷದ ಸಾಲಿಗೆ ಹೋದರು. ಸಂಖ್ಯಾಬಲದ ಮಟ್ಟಿಗೆ ಅದರಿಂದಲೂ ಏನೂ ಕದಲಲಿಲ್ಲ. ಆ ಒಂದು ಮತದ ಪರಿಣಾಮ ಸರ್ಕಾರದ ಮೇಲೆ ಆಗಲಿಲ್ಲ. ಎರಡು ರಾಜಕೀಯ ಜೀವನಗಳ ಮೇಲೆ ಆಯಿತು.

ಕ್ಷೇತ್ರವೇ ಇಲ್ಲವಾದ ಮೇಲೆ

2001ರ ಜನಗಣತಿಯನ್ನು ಆಧರಿಸಿದ ಕ್ಷೇತ್ರ ಪುನರ್‌ವಿಂಗಡಣೆ ರಾಜ್ಯದಲ್ಲಿ 2008ರ ಮೇ ಚುನಾವಣೆಯಿಂದ ಜಾರಿಗೆ ಬಂತು. ರಾಜ್ಯದಲ್ಲಿ ಪರಿಶಿಷ್ಟ ಜಾತಿ ಮೀಸಲು ಸ್ಥಾನಗಳು 33ರಿಂದ 36ಕ್ಕೆ, ಪರಿಶಿಷ್ಟ ಪಂಗಡದ ಸ್ಥಾನಗಳು 2ರಿಂದ 15ಕ್ಕೆ ಏರಿದವು. ಚಾಮರಾಜನಗರ ಜಿಲ್ಲೆಗೆ ಉಳಿದದ್ದು ನಾಲ್ಕು ಕ್ಷೇತ್ರ: ಹನೂರು, ಕೊಳ್ಳೇಗಾಲ, ಚಾಮರಾಜನಗರ, ಗುಂಡ್ಲುಪೇಟೆ. ಸಂತೇಮರಹಳ್ಳಿಯ ಹೆಸರು ಪಟ್ಟಿಯಿಂದ ಹೋಯಿತು. ಆ ಹೋಬಳಿಯೂ ಯಳಂದೂರು ತಾಲ್ಲೂಕೂ ಕೊಳ್ಳೇಗಾಲ ಮೀಸಲು ಕ್ಷೇತ್ರದೊಳಗೆ ಸೇರಿದವು. ಒಂದು ಮತದಿಂದ ಗೆದ್ದವರಿಗೂ ಸೋತವರಿಗೂ ತಮ್ಮ ಲೆಕ್ಕ ತೀರಿಸಿಕೊಳ್ಳಲು ಆ ಕಣವೇ ಉಳಿಯಲಿಲ್ಲ.

ಧ್ರುವನಾರಾಯಣ 2008ರಲ್ಲಿ ಕೊಳ್ಳೇಗಾಲದಿಂದ ಗೆದ್ದರು. ಮರುವರ್ಷವೇ ಕಾಂಗ್ರೆಸ್ ಅವರನ್ನು ಚಾಮರಾಜನಗರ ಲೋಕಸಭಾ ಕ್ಷೇತ್ರಕ್ಕೆ ನಿಲ್ಲಿಸಿತು. ಎದುರಿಗೆ ಮತ್ತೆ ಕೃಷ್ಣಮೂರ್ತಿ, ಈ ಸಲ ಬಿಜೆಪಿಯಿಂದ. 3,69,970ಕ್ಕೆ 3,65,968, ಧ್ರುವನಾರಾಯಣರಿಗೆ 4,002 ಮತಗಳ ಗೆಲುವು. ಏಳು ಲಕ್ಷಕ್ಕೂ ಮೀರಿದ ಮತಗಳ ನಡುವೆ ಈ ಅಂತರವೂ ಕೂದಲೆಳೆಯೇ. ಪಕ್ಷ ಬದಲಾದರೂ, ಕ್ಷೇತ್ರ ಎಂಟು ವಿಧಾನಸಭಾ ಕ್ಷೇತ್ರಗಳಷ್ಟು ಹಿಗ್ಗಿದರೂ ಇಬ್ಬರ ಬಲ ಹೆಚ್ಚುಕಡಿಮೆ ಸಮನಾಗಿಯೇ ನಿಂತಿತ್ತು ಎಂಬುದು ನನ್ನ ಮಟ್ಟಿಗೆ 2004ರ ಫಲಿತಾಂಶಕ್ಕಿಂತ ಹೆಚ್ಚು ಗಮನಾರ್ಹ ಸಂಗತಿ. ಒಂದು ಮತದ ಅಂತರವನ್ನು ಆಕಸ್ಮಿಕವೆಂದು ತಳ್ಳಿಹಾಕಬಹುದು. ಎರಡನೆಯ ಸಲವೂ ಹಾಗೇ ಆದಾಗ ಅದರ ಹಿಂದೆ ಸಾಮಾಜಿಕ ಬಲಾಬಲದ ಒಂದು ನಿಜವಾದ ಸಮತೋಲವಿದೆ ಎಂದೇ ಊಹಿಸಬೇಕಾಗುತ್ತದೆ.

ಆ ಸಮತೋಲ ಮುರಿದದ್ದು 2014ರಲ್ಲಿ. ನರೇಂದ್ರ ಮೋದಿ ಅಲೆ ದೇಶದಲ್ಲೆಲ್ಲ ಬೀಸುತ್ತಿದ್ದ ಆ ಚುನಾವಣೆಯಲ್ಲಿ ಇಲ್ಲಿ ಮಾತ್ರ ಕಾಂಗ್ರೆಸ್ ಬಲ ಹೆಚ್ಚಿಸಿಕೊಂಡಿತು: ಧ್ರುವನಾರಾಯಣ 5,67,782, ಬಿಜೆಪಿಯ ಕೃಷ್ಣಮೂರ್ತಿ 4,26,600, ಅಂತರ 1,41,182. ಐದು ವರ್ಷಗಳ ನಂತರ ಬಿಜೆಪಿ ಅಭ್ಯರ್ಥಿಯನ್ನು ಬದಲಿಸಿ ವಿ. ಶ್ರೀನಿವಾಸ ಪ್ರಸಾದ್ ಅವರನ್ನು ನಿಲ್ಲಿಸಿತು. 5,68,537ಕ್ಕೆ 5,66,720, ಧ್ರುವನಾರಾಯಣರಿಗೆ 1,817 ಮತಗಳ ಸೋಲು. ಈ ಎರಡು ಚುನಾವಣೆಗಳಲ್ಲಿ ಅವರ ಸ್ವಂತ ಮತಗಳನ್ನು ಅಕ್ಕಪಕ್ಕ ಇಟ್ಟು ನೋಡಿ: ಕಡಿಮೆಯಾದದ್ದು 1,062 ಮಾತ್ರ. ಅವರ ಮತದಾರರು ಅವರನ್ನು ಕೈಬಿಡಲಿಲ್ಲ, ಎದುರಿನ ಬುಟ್ಟಿಗೆ ಹೊಸ ಮತಗಳು ಬಂದು ಬಿದ್ದವು. ಒಂದು ಮತದಿಂದ ಗೆದ್ದು ಬಂದವರು ಎಂಬ ಖ್ಯಾತಿಯ ಈ ನಾಯಕನ ಕೊನೆಯ ಚುನಾವಣೆ ಹೀಗೆ ಕೂದಲೆಳೆಯ ಸೋಲಾಗಿತ್ತು. 2023ರ ಮಾರ್ಚ್ 11ರಂದು ಅವರು ಹೃದಯಾಘಾತದಿಂದ ತೀರಿಕೊಂಡಾಗ ಪ್ರದೇಶ ಕಾಂಗ್ರೆಸ್ಸಿನ ಕಾರ್ಯಾಧ್ಯಕ್ಷರಾಗಿದ್ದರು. ಎರಡು ತಿಂಗಳಲ್ಲಿ ನಡೆದ ವಿಧಾನಸಭಾ ಚುನಾವಣೆಯಲ್ಲಿ ಮಗ ದರ್ಶನ್ ನಂಜನಗೂಡಿನಿಂದ ಗೆದ್ದು ಬಂದರು.

ಕೃಷ್ಣಮೂರ್ತಿಯವರ ದಾರಿ ಇನ್ನೂ ಸುತ್ತುಬಳಸಿನದು. ಜೆಡಿಎಸ್‌ನಿಂದ ಬಿಜೆಪಿಗೆ, ಅಲ್ಲಿಂದ ತಮ್ಮನ್ನು ಮೂರು ಸಲ ಸೋಲಿಸಿದ ಕಾಂಗ್ರೆಸ್ಸಿಗೇ ಬಂದರು. 2018ರಲ್ಲಿ ಕೊಳ್ಳೇಗಾಲದಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ 52,338 ಮತ ಪಡೆದು ಬಹುಜನ ಸಮಾಜ ಪಕ್ಷದ ಎನ್. ಮಹೇಶ್ ಅವರ 71,792ರ ಎದುರು ಸೋತರು. ಮಹೇಶ್ ಕುಮಾರಸ್ವಾಮಿ ಸಂಪುಟದಲ್ಲಿ ಶಿಕ್ಷಣ ಸಚಿವರಾದರು, ಕೆಲವೇ ತಿಂಗಳಲ್ಲಿ ರಾಜೀನಾಮೆ ಕೊಟ್ಟರು. 2019ರ ವಿಶ್ವಾಸಮತದ ದಿನ ಗೈರಾಗಿ ಪಕ್ಷದಿಂದ ಉಚ್ಚಾಟಿತರಾದರು, 2021ರಲ್ಲಿ ಬಿಜೆಪಿ ಸೇರಿದರು. 2023ರಲ್ಲಿ ಅದೇ ಇಬ್ಬರು ಎದುರಾದಾಗ ಕೃಷ್ಣಮೂರ್ತಿಯವರಿಗೆ 1,08,363, ಮಹೇಶ್‌ಗೆ 48,844. ಅಂತರ 59,519. ಮೀಸಲು ಕ್ಷೇತ್ರದಲ್ಲಿ ಅಭ್ಯರ್ಥಿಗಿಂತ ಅವನು ನಿಂತ ಪಕ್ಷದ ಬೆನ್ನಿಗೆ ಆ ಸಲ ಯಾರಿದ್ದಾರೆ ಎಂಬುದು ಮುಖ್ಯ ಎಂದು ಮೊದಲಿಗೆ ಹೇಳಿದ ಮಾತಿಗೆ ಇದಕ್ಕಿಂತ ನಿಚ್ಚಳವಾದ ಉದಾಹರಣೆ ಸಿಗದು: ಅಭ್ಯರ್ಥಿಗಳು ಅವರೇ, ಕ್ಷೇತ್ರ ಅದೇ, ಮಹೇಶ್ ಅವರ ಬಾವುಟ ಬದಲಾಗಿತ್ತು, ಐದು ವರ್ಷ ಕಳೆದಿತ್ತು, ಫಲಿತಾಂಶ ತಲೆಕೆಳಗಾಗಿತ್ತು.

ಸಂತೇಮರಹಳ್ಳಿಯ ಮತದಾರರು ಇದರಲ್ಲಿ ಎಷ್ಟು ಪಾಲು ಹೊಂದಿದ್ದರು ಎಂಬುದನ್ನು ಕ್ಷೇತ್ರವಾರು ಅಂಕಿಗಳಿಂದ ತಿಳಿಯಲಾಗದು. ಪುನರ್‌ವಿಂಗಡಣೆಯ ಮೊದಲಿನ ಮತ್ತು ನಂತರದ ಫಲಿತಾಂಶಗಳನ್ನು ನೇರವಾಗಿ ಹೋಲಿಸುವುದು ಇಲ್ಲಿ ಮಾತ್ರವಲ್ಲ, ರಾಜ್ಯದ ಯಾವ ಕ್ಷೇತ್ರದ ಚರಿತ್ರೆ ಬರೆಯುವವರೂ ಮಾಡಬಾರದ ಕೆಲಸ. 2004ರ ಕೊಳ್ಳೇಗಾಲ ಮತ್ತು 2008ರ ಕೊಳ್ಳೇಗಾಲ ಹೆಸರಿನಲ್ಲಷ್ಟೇ ಒಂದು. ಚುನಾವಣಾಧಿಕಾರಿ ಸಿದ್ಧಪಡಿಸುವ ನಮೂನೆ 20ರಲ್ಲಿ ಮತಗಟ್ಟೆವಾರು ಲೆಕ್ಕ ಇರುತ್ತದೆ. ಹಳೆಯ ಕ್ಷೇತ್ರದ ಹಳ್ಳಿಗಳ ಮತಗಟ್ಟೆಗಳನ್ನು ಗುರುತಿಸಿ 2008ರಿಂದ 2023ರವರೆಗಿನ ಆ ಪಟ್ಟಿಗಳಿಂದ ಒಂದೊಂದಾಗಿ ಕೂಡಿದರೆ, ದಾಖಲೆಯಲ್ಲಿ ಇಲ್ಲವಾಗಿರುವ ಸಂತೇಮರಹಳ್ಳಿ ಕ್ಷೇತ್ರದ ಮುಂದಿನ ಚುನಾವಣೆಗಳ ಫಲಿತಾಂಶವನ್ನು ಹೆಚ್ಚುಕಡಿಮೆ ಕಟ್ಟಬಹುದು, ಮತ್ತು 2004ರಲ್ಲಿ ಸರಿಸಮನಾಗಿ ಒಡೆದಿದ್ದ ಆ ಮತಗಟ್ಟೆಗಳು ಯಾವ ಚುನಾವಣೆಯಲ್ಲಿ ಯಾವ ಕಡೆಗೆ ವಾಲಿದವು ಎಂಬುದನ್ನು ಊಹೆಯಿಲ್ಲದೆ ಹೇಳಬಹುದು.